ಕಿರುಹಗಲಿನ ಲೆಕ್ಕ

ಡಿಸೆಂಬರ್ 21 ಅಥವಾ 22 ವರ್ಷದ ಅತಿ ಚಿಕ್ಕ ಹಗಲು. ಹುನಗುಂದ ಸೀಮೆಯ ರಾಮಥಾಳದಲ್ಲಿ ಅಂದು ಹಗಲು ಸುಮಾರು 11 ಗಂಟೆ 10 ನಿಮಿಷ. ಆದರೆ ನಾವು ಕಣ್ಣಾರೆ ಕಾಣುವುದು ಇಷ್ಟು ಸರಳವಲ್ಲ. ಸಂಜೆ ನವೆಂಬರ್ ಕೊನೆಯಿಂದಲೇ ಹಿಗ್ಗತೊಡಗಿರುತ್ತದೆ. ಬೆಳಗು ಮಾತ್ರ ಜನವರಿ ಮೂರನೇ ವಾರದವರೆಗೂ ತಡವಾಗುತ್ತಲೇ ಹೋಗುತ್ತದೆ. ‘ದಿನ ಬೆಳೀತು’ ಎಂದು ಸಂಜೆ ಹೇಳಿದವರೇ ಬೆಳಿಗ್ಗೆ ‘ಇನ್ನೂ ಹೊತ್ತು ಹುಟ್ಟಿಲ್ಲ’ ಎನ್ನುತ್ತಾರೆ. ಎರಡೂ ನಿಜ.

ಈ ಎರೆ ಭೂಮಿಗೆ ಚಳಿ ಕಾಟವಲ್ಲ, ಆಸ್ತಿ. ಹಿಂಗಾರಿನ ಹಸಿಗೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆ ಆಮೇಲೆ ಹೆಚ್ಚು ಮಳೆ ಕಾಣದೆ ನೆಲದ ತೇವ ಮತ್ತು ತಂಪು ರಾತ್ರಿಗಳನ್ನೇ ನಂಬಿ ಬೆಳೆಯುತ್ತವೆ. ಕಡಲೆ ಗಿಡಗಳ ಮೇಲೆ ರಾತ್ರಿ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಇಳಿದ ಹುಳಿಯನ್ನು ಮುಂಜಾನೆ ಹಿಂಡಿ ಮದ್ದಿಗೆ ಇಡುವ ರೂಢಿಯಿತ್ತು. ಮೋಡ ಕವಿದ ರಾತ್ರಿ ಇಬ್ಬನಿ ಸರಿಯಾಗಿ ಬೀಳದು. ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವುದೂ ಈ ಹೊತ್ತಿನಲ್ಲೇ. 2010ರ ದಶಕದಲ್ಲಿ ರಾಮಥಾಳದ ಹೆಸರಿನಲ್ಲಿ 24,000 ಹೆಕ್ಟೇರಿನ ಹನಿ ನೀರಾವರಿ ಯೋಜನೆ ಬಂತು. ಅಲ್ಲಿಯವರೆಗೆ ಇಲ್ಲಿನ ಬಹುಪಾಲು ಹೊಲಗಳಿಗೆ ಆಕಾಶವೇ ಕಾಲುವೆ.

ಹಾಗಾಗಿ ಕಾಲದ ಲೆಕ್ಕ ತಪ್ಪಿದರೆ ರೈತನಿಗೆ ನಷ್ಟ. ಚಾಲುಕ್ಯರ ಶಾಸನಗಳಲ್ಲಿ ಉತ್ತರಾಯಣ ಸಂಕ್ರಾಂತಿ ದಾನದ ದಿನವಾಗಿ ಮತ್ತೆ ಮತ್ತೆ ಬರುತ್ತದೆ. ಹನ್ನೆರಡನೇ ಶತಮಾನದಲ್ಲಿ ಅದು ನಿಜವಾದ ಕಿರುಹಗಲಿನ ನಂತರ ಸುಮಾರು ಹತ್ತು ದಿನಕ್ಕೆ ಬರುತ್ತಿತ್ತು. ಈಗ ಅಂತರ 24 ದಿನ. ಪಂಚಾಂಗದ ವರ್ಷ ಋತುಗಳ ವರ್ಷಕ್ಕಿಂತ ಇಪ್ಪತ್ತು ಚಿಲ್ಲರೆ ನಿಮಿಷ ದೊಡ್ಡದು, ಅಷ್ಟೇ ಕಾರಣ.

ಹಿಜರಿ ವರ್ಷದ ಸಂಗತಿ ಇದಕ್ಕೆ ತದ್ವಿರುದ್ಧ. ಅದು ಸುಮಾರು ಹನ್ನೊಂದು ದಿನ ಚಿಕ್ಕದು. 1998ರ ಡಿಸೆಂಬರಿನಲ್ಲಿ ಕಿರುಹಗಲಿಗೇ ಬಂದ ರಮಝಾನ್ ಎಲ್ಲ ಋತುಗಳನ್ನೂ ಸುತ್ತಿ 2030ರ ಡಿಸೆಂಬರಿಗೆ ಮರಳುತ್ತದೆ. ಉಪವಾಸಕ್ಕೆ ಇದು ನ್ಯಾಯವೇ: ಕಿರುಹಗಲೂ ನೀಳಹಗಲೂ ಎಲ್ಲರ ಪಾಲಿಗೆ ಬರುತ್ತವೆ. ಕಂದಾಯಕ್ಕೆ ಮಾತ್ರ ಅನ್ಯಾಯ. ಸುಮಾರು 32 ಸೌರವರ್ಷ ಕಳೆಯುವಷ್ಟರಲ್ಲಿ 33 ಚಾಂದ್ರವರ್ಷ ಮುಗಿಯುತ್ತವೆ. 32 ಸುಗ್ಗಿ ಕಂಡ ಒಕ್ಕಲಿಗ 33 ಸಲ ತೆರಿಗೆ ಕಟ್ಟಬೇಕೆ?

ದಖ್ಖನಿನ ಸುಲ್ತಾನರ ಆಡಳಿತ ಇದಕ್ಕೆ ಕಂಡುಕೊಂಡ ಉತ್ತರ ಶುಹೂರ್ ಸನ್. ಇದರ ಆರಂಭವನ್ನು ಮುಹಮ್ಮದ್ ಬಿನ್ ತುಘಲಕನ ಕಾಲಕ್ಕೆ, 1344ಕ್ಕೆ ಗುರುತಿಸಲಾಗಿದೆ. ಬಿಜಾಪುರದ ಆದಿಲ್‌ಶಾಹಿಗಳೂ ಮುಂದೆ ಮರಾಠರೂ ಬಳಸಿದರು. ವರ್ಷದ ಅಂಕಿಯನ್ನು ಅರಬಿ ಪದಗಳಲ್ಲಿ ಬರೆಯುತ್ತಿದ್ದರು. ವರ್ಷ ಹುಟ್ಟುತ್ತಿದ್ದುದು ಮಾತ್ರ ಸೂರ್ಯ ಮೃಗಶಿರಾ ನಕ್ಷತ್ರ ಹೊಕ್ಕ ದಿನ. ಅರಬಿ ನಾಲಿಗೆಯಲ್ಲಿ ಮೃಗಶಿರಾ ಮಳೆಯ ಲೆಕ್ಕ! ಇದಕ್ಕಿಂತ ಬುದ್ಧಿವಂತ ಹೊಂದಾಣಿಕೆ ಆ ಕಾಲದ ಆಡಳಿತದಲ್ಲಿ ನಮಗೆ ಹೆಚ್ಚು ಕಾಣುವುದಿಲ್ಲ. ಆದರೆ ಮೃಗಶಿರೆಯೂ ಪಂಚಾಂಗದ ನಕ್ಷತ್ರವೇ. ಸಂಕ್ರಾಂತಿಯಂತೆ ಅದೂ ಋತುವಿನಿಂದ ಮೆಲ್ಲಗೆ ಜಾರುತ್ತ ಈಗ ಜೂನ್ 7-8ಕ್ಕೆ ಬಂದು ನಿಂತಿದೆ.