ಸೂಕ್ಷ್ಮ ಶಿಲಾಯುಧ
ಸೂಕ್ಷ್ಮ ಶಿಲಾಯುಧ: ಮಧ್ಯ ಶಿಲಾಯುಗದ ಬೇಟೆಗಾರರು ಬಾಣದ ಮೊನೆ, ಈಟಿಯ ಮುಳ್ಳು, ಕುಯ್ಯುವ ಅಲಗುಗಳಿಗೆ ಬಳಸಿದ, ಸಾಮಾನ್ಯವಾಗಿ 1ರಿಂದ 4 ಸೆಂ.ಮೀ. ಉದ್ದದ ಕಲ್ಲಿನ ಉಪಕರಣ. ದಕ್ಷಿಣ ಕರ್ನಾಟಕದಲ್ಲಿ ಇವು ಹೆಚ್ಚಾಗಿ ಬೆಣಚುಕಲ್ಲಿನವು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ನೆಲದಲ್ಲೂ ಬೆಣಚಿನ ಎಳೆಗಳು ಸಾಮಾನ್ಯ. ಬೆಣಚು ಬೇಕಾದ ಆಕಾರಕ್ಕೆ ಸುಲಭವಾಗಿ ಒಡೆಯುವುದಿಲ್ಲ. ಅದರಲ್ಲಿ ಬೆರಳ ತುದಿಯಷ್ಟು ಅರ್ಧಚಂದ್ರಾಕಾರದ ಉಪಕರಣವನ್ನು ತೆಗೆದದ್ದು ದೊಡ್ಡ ಕೈಚಳಕವೇ ಸರಿ. ಈ ಉಪಕರಣದ ನೇರ ಅಂಚು ಹರಿತ. ಬಾಗಿದ ಬೆನ್ನನ್ನು ಸಣ್ಣ ಪೆಟ್ಟುಗಳಿಂದ ಮೊಂಡು ಮಾಡಿ, ಕೋಲಿಗೆ ಅಂಟಿನಿಂದ ಕೂರಿಸುತ್ತಿದ್ದರು. ಕೋಲು ಕೊಳೆತುಹೋಗಿ ಕಲ್ಲು ಉಳಿದಿದೆ. ಬೆಂಗಳೂರಿನ ಜಾಲಹಳ್ಳಿ ಸೂಕ್ಷ್ಮ ಶಿಲಾಯುಧಗಳ ಪ್ರಸಿದ್ಧ ನೆಲೆ. ಅಲ್ಲಿನ ಉಪಕರಣಗಳ ಬಗ್ಗೆ ಕೆ. ಆರ್. ಯು. ಟಾಡ್ 1948ರಲ್ಲಿ ಬರೆದರು. ಇವುಗಳ ಬಳಕೆ ನವಶಿಲಾಯುಗದಲ್ಲೂ ಮುಂದುವರಿಯಿತು: 1947ರ ಬ್ರಹ್ಮಗಿರಿ ಉತ್ಖನನದಲ್ಲಿ ನಯಗೊಳಿಸಿದ ಕಲ್ಗೊಡಲಿಗಳ ಜೊತೆಯಲ್ಲೇ ಇವೂ ದೊರೆತವು.