ಉಚಿತ ಕರೆಂಟು, ಸ್ವಂತ ಕರೆಂಟು

ಹೊಲದ ಕರೆಂಟಿನ ಚರಿತ್ರೆಯಲ್ಲಿ ನಮ್ಮ ಎರಡು ತಾಲ್ಲೂಕುಗಳಿಗೂ ಜಾಗವಿದೆ. 1990ರಲ್ಲಿ ಮುಖ್ಯಮಂತ್ರಿಯಾದ ಸೊರಬದ ಬಂಗಾರಪ್ಪನವರು 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಕೊಟ್ಟರು. ಆಮೇಲೆ ಬಿಲ್ಲು ಮತ್ತೆ ಬಂತು. 2008ರಲ್ಲಿ ಶಿಕಾರಿಪುರದ ಯಡಿಯೂರಪ್ಪನವರು ಪುನಃ ಉಚಿತ ಮಾಡಿದರು. ಬಿಲ್ಲು ಹೋಯಿತು. ಆದರೆ ಕರೆಂಟು ಯಾವ ಹೊತ್ತಿಗೆ ಬರಬೇಕು ಎಂಬುದು ನಮ್ಮ ಕೈಗೆ ಬರಲಿಲ್ಲ. ರಾತ್ರಿ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುವುದು ತಪ್ಪಲಿಲ್ಲ.

2014ರಲ್ಲಿ ಸರ್ಕಾರ ‘ಸೂರ್ಯ ರೈತ’ ಯೋಜನೆ ತಂದಿತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಸುಮಾರು 300 ರೈತರು ಸಹಕಾರ ಸಂಘ ಕಟ್ಟಿಕೊಂಡರು. ಸಬ್ಸಿಡಿ, ಸಾಲದಲ್ಲಿ ಸೋಲಾರ್ ಪಂಪು ಬಂತು. ನೀರು ಹಾಯಿಸಿ ಮಿಕ್ಕ ಕರೆಂಟನ್ನು ಬೆಸ್ಕಾಂ ಯೂನಿಟ್‌ಗೆ 7.20 ರೂಪಾಯಿಯಂತೆ ಕೊಳ್ಳುವ ಒಪ್ಪಂದವಾಯಿತು. ಹೆಚ್ಚಿನ ಪಾಲು ಸಾಲಕ್ಕೇ ಹೋದರೂ, ಬೇಡುತ್ತಿದ್ದ ರೈತ ಮಾರುವವನಾದ.

2019ರ ಕುಸುಮ್ ಯೋಜನೆಯೂ ರೈತರ ಗುಂಪು, ಸಹಕಾರ ಸಂಘ, ಪಂಚಾಯಿತಿಗಳು 2 ಮೆಗಾವಾಟ್‌ವರೆಗೆ ಘಟಕ ಹಾಕಲು ಅವಕಾಶ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಸಬ್‌ಸ್ಟೇಷನ್ ಬಳಿ ಘಟಕ ಹಾಕಲು ಮುಂದೆ ಬಂದವರು ಹೆಚ್ಚಾಗಿ ಕಂಪನಿಗಳು. ಹಗಲು ಕರೆಂಟು ಸಿಕ್ಕರೆ ಒಳ್ಳೆಯದೇ. ಆದರೆ ಹಾಲಿಗೆ ಡೇರಿ ಸಂಘ ಕಟ್ಟಿದ ನಾವು ಬಿಸಿಲಿಗೂ ಸಂಘ ಕಟ್ಟಬಾರದೇಕೆ? ಊರಿಗೆ ಘಟಕ ಬಂದಾಗ ಗ್ರಾಮಸಭೆಯಲ್ಲಿ ಕೇಳೋಣ: ಇದರಲ್ಲಿ ಊರಿನ ಪಾಲೆಷ್ಟು?