ತುಪ್ಪದ ವನವಾಸ

1937ರಲ್ಲಿ ಭಾರತದ ಪೇಟೆಗೆ ಡಾಲ್ಡಾ ಬಂತು. ನಮ್ಮೂರ ಮನೆಗಳ ತುಪ್ಪದ ಮಿಳ್ಳೆಗೆ ಅಂದೇ ಪೈಪೋಟಿ ಶುರು. 90ರ ದಶಕದಲ್ಲಿ ಟೊರಾಂಟೋಗೆ ಬಂದ ನಾವು ಬೆಣ್ಣೆ ಬಿಟ್ಟು ಮಾರ್ಗರೀನ್ ಹಿಡಿದೆವು. ತುಪ್ಪ ಕೇಳಿದ ಅಮ್ಮನಿಗೆ ಡಾಕ್ಟರಾದ ನಾವೇ ಕೊಲೆಸ್ಟರಾಲ್ ಪಾಠ ಒಪ್ಪಿಸಿದೆವು! ಮಾರ್ಗರೀನಿಗೆ ಬೆಣ್ಣೆಯ ಹಳದಿ ಬಣ್ಣ ಕೂಡದೆಂಬ ಒಂಟೇರಿಯೋ ಕಾನೂನು 1995ರವರೆಗೂ ಇತ್ತು. ಒಳಗಿನ ಟ್ರಾನ್ಸ್ ಕೊಬ್ಬಿನ ವಿಷಯ ಮಾತ್ರ ನಮ್ಮ ತಲೆಗೆ ತಡವಾಗಿ ಹತ್ತಿತು. ಅದಕ್ಕೆ ಮೂಲವಾದ, ಅರೆಬರೆ ಜಲಜನಕ ಸೇರಿಸಿದ ಎಣ್ಣೆಯನ್ನು ಕೆನಡಾ ನಿಷೇಧಿಸಿದ್ದು 2018ರ ಸೆಪ್ಟೆಂಬರಿನಲ್ಲಿ.

ಈಗ ನಮ್ಮ ಒಲೆಯ ಮೇಲೆ ಮತ್ತೆ 454 ಗ್ರಾಂ ಉಪ್ಪಿಲ್ಲದ ಬೆಣ್ಣೆ. ಸಣ್ಣ ಉರಿಯಲ್ಲಿ ನೀರು ಹಾರಿ, ಚಟಪಟ ಸದ್ದು ನಿಂತು, ತಳದ ಗಸಿ ಕೆಂಪಾದೊಡನೆ ವೀಳ್ಯದೆಲೆ ಹಾಕಿ ಇಳಿಸಬೇಕು. ಫ್ರೆಂಚರು ಗಸಿ ಸಮೇತ ಬಳಸುತ್ತಾರೆ. ನಾವು ಸೋಸಿ, ಗಸಿಗೆ ಸಕ್ಕರೆ ಬೆರೆಸಿ ಮಕ್ಕಳಿಗೆ ಕೊಡುತ್ತೇವೆ. ತುಪ್ಪವೂ ಸ್ಯಾಚುರೇಟೆಡ್ ಕೊಬ್ಬೇ, ದಿನಕ್ಕೊಂದು ಚಮಚ ಸಾಕು. ಅಮ್ಮ ಇದ್ದಿದ್ದರೆ ಎರಡು ಬಡಿಸುತ್ತಿದ್ದರು.